ಮನೆಗೆ ವಾಲ್ವ್ ಆಂಪ್ಲಿಫೈಯರ್ ತರಬಹುದಾ? ಇಟ್ಟುಕೊಂಡವರು ಹೇಳಿ

ಬದಿಯಡ್ಕದಿಂದ ಕೇಳಿದ್ದು:

ನಮಸ್ಕಾರ. ಕಳೆದ ತಿಂಗಳು ಬೆಂಗಳೂರಿನಲ್ಲಿ ನೆಂಟರೊಬ್ಬರ ಮನೆಯಲ್ಲಿ 300ಬಿ ಅಂತ ಒಂದು ಜಾತಿಯ ವಾಲ್ವ್ (ಟ್ರಾನ್ಸಿಸ್ಟರಿಗಿಂತ ಮೊದಲಿನ, ಬಿಸಿಯಾಗಿ ಬೆಳಗುವ ಗಾಜಿನ ಕೊಳವೆ) ಹಾಕಿದ ಆಂಪ್ಲಿಫೈಯರ್ ಕೇಳಿದೆ. ಚಾನೆಲ್ಲಿಗೆ ಎಂಟೇ ವಾಟ್ ಅಂತೆ. ಒಂದು ಬಡಾ ಖಯಾಲ್ ಹಾಕಿದರು. ತಂಬೂರಿಯ ತಂತಿ ಒಂದೊಂದೂ ಬೇರೆಬೇರೆಯಾಗಿ ಕೇಳಿತು. ಮನೆಗೆ ಬಂದ ಮೇಲೆ ನನ್ನ ಸೆಟ್ಟು ಹಾಕಲು ಮನಸ್ಸೇ ಬರುತ್ತಿಲ್ಲ.

ನನ್ನ ಹತ್ತಿರ ಇರುವುದು ಸಾಧಾರಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮತ್ತೆ ಒಂದು ಜೊತೆ ಸಣ್ಣ ಸ್ಪೀಕರ್. ಸ್ಪೀಕರಿನ ಹಿಂದೆ 86 ಡೆಸಿಬೆಲ್, 6 ಓಮ್ ಅಂತ ಬರೆದಿದೆ. ಕೋಣೆ 12ಕ್ಕೆ 14 ಅಡಿ. ಹೆಂಚಿನ ಮಾಡು, ಕೆಳಗೆ ಮರದ ಮುಚ್ಚಿಗೆ. ಕೇಳುವುದು ಅಪ್ಪ ಜೋಪಾನ ಮಾಡಿಟ್ಟ ಹಿಂದೂಸ್ತಾನಿ ಎಲ್‌ಪಿಗಳು ಮತ್ತೆ ಯಕ್ಷಗಾನ. ಆಟ, ತಾಳಮದ್ದಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಟ್ಟಿದ್ದೇನೆ. ಕೈಯಲ್ಲಿ 80,000 ರೂಪಾಯಿ ಉಂಟು. ಸ್ವಲ್ಪ ಹೆಚ್ಚು ಕಡಿಮೆ ಆದರೂ ತೊಂದರೆ ಇಲ್ಲ. 300ಬಿ ತರಲಾ? ನಮ್ಮಲ್ಲಿಯ ಸಿಡಿಲು, ಮಳೆ, ಕರೆಂಟು ನಿಮಗೆ ಗೊತ್ತೇ ಉಂಟಲ್ಲ.

ನೀರ್ಚಾಲಿನಿಂದ:

ಅಣ್ಣ, ನಾನು ಏಳು ವರ್ಷದಿಂದ ವಾಲ್ವ್ ಆಂಪ್ಲಿಫೈಯರಿನಲ್ಲೇ ಕೇಳುತ್ತಿದ್ದೇನೆ. ತನ್ನಿ ಅಂತಲೇ ಹೇಳುತ್ತೇನೆ. ಆದರೆ ಆ ಸ್ಪೀಕರಿಗೆ 300ಬಿ ಬೇಡ.

ನಿಮ್ಮ ನೆಂಟರ ಸ್ಪೀಕರ್ ಯಾವುದು ಅಂತ ನೋಡಿದ್ರಾ? 95 ಡೆಸಿಬೆಲಿನ ಆಸುಪಾಸು ಇರಬೇಕು. 86 ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲಿಗೂ ವಾಟ್ ಎರಡು ಪಾಲು ಬೇಕು. 2 ವಾಟಿಗೆ 89, 4ಕ್ಕೆ 92, 8ಕ್ಕೆ 95. ಅಲ್ಲಿಗೆ ನಿಮ್ಮ 300ಬಿ ಮುಗಿಯಿತು. ನಿಮ್ಮಲ್ಲಿ ಎಂಟೂ ವಾಟ್ ಖರ್ಚು ಮಾಡಿ ಬರುವ ಶಬ್ದ ಅವರಲ್ಲಿ ಒಂದೇ ವಾಟಿನಲ್ಲಿ ಬರುತ್ತದೆ. ಉಳಿದ ಏಳು ವಾಟ್ ಅವರಿಗೆ ಕೈಯಲ್ಲಿ ಉಳಿದಿರುತ್ತದೆ.

ಖಯಾಲಿಗೆ, ತಾಳಮದ್ದಳೆಯ ಅರ್ಥದ ಮಾತು ಕೇಳಲಿಕ್ಕೆ ಎಂಟು ವಾಟ್ ಸಾಕಾದೀತು. ಚೆಂಡೆಗೆ ಸಾಲದು. ಇದು ನಾನು ಅನುಭವಿಸಿದ್ದು. ಮೊದಲು ತಂದದ್ದು ಇಎಲ್34 ಎಂಬ ವಾಲ್ವಿನ ಸಿಂಗಲ್ ಎಂಡೆಡ್, ಅಂದರೆ ಇಡೀ ಅಲೆಯನ್ನು ಒಂದೇ ವಾಲ್ವ್ ನಡೆಸುವಂಥದ್ದು, ಸುಮಾರು ಹತ್ತು ವಾಟಿನದ್ದು. ಸ್ಪೀಕರ್ 87 ಡೆಸಿಬೆಲ್. ಮೊದಲ ರಾತ್ರಿ ತಾಳಮದ್ದಳೆ ಹಾಕಿದೆ. ಭಾಗವತರ ಸ್ವರ ಎದುರಿಗೇ ಕೂತು ಹಾಡಿದ ಹಾಗಿತ್ತು. ಮರುದಿನ ಆಟದ ರೆಕಾರ್ಡಿಂಗ್ ಹಾಕಿದೆ. ಯುದ್ಧದ ಪದಕ್ಕೆ ಚೆಂಡೆ ಎದ್ದಾಗ ಎಲ್ಲ ಒಂದೇ ಮುದ್ದೆಯಾಯಿತು. ಟ್ರಾನ್ಸಿಸ್ಟರ್ ಆದರೆ ಸಾಮರ್ಥ್ಯ ಮುಗಿದಾಗ ಕರ್ಕಶವಾಗಿ ಒಡೆಯುತ್ತದೆ, ನಮಗೆ ಗೊತ್ತಾಗುತ್ತದೆ. ವಾಲ್ವ್ ಹಾಗಲ್ಲ, ಮೆಲ್ಲನೆ ಚಪ್ಪಟೆ ಮಾಡುತ್ತದೆ. ಉರುಳಿಕೆಯ ಪೆಟ್ಟುಗಳು ನೆನೆದ ಚರ್ಮದ ಮೇಲೆ ಬಾರಿಸಿದ ಹಾಗೆ ಕೇಳಿದವು. ಸ್ಪೀಕರ್ ಹಾಳಾಯಿತೋ ಅಂತ ಎರಡು ವಾರ ಹುಡುಕಿದೆ. ಅದರದ್ದೇನೂ ತಪ್ಪಿರಲಿಲ್ಲ.

ಕೊನೆಗೆ ಅದನ್ನು ಕೊಟ್ಟು, ನಾಲ್ಕು ಇಎಲ್34 ಇರುವ ಪುಶ್-ಪುಲ್ ತಂದೆ, ಅಂದರೆ ವಾಲ್ವುಗಳು ಜೋಡಿಯಾಗಿ ದುಡಿಯುವಂಥದ್ದು. ಚಾನೆಲ್ಲಿಗೆ 35 ವಾಟ್. ಈಗ ಚೆಂಡೆ ಚೆಂಡೆಯಾಗಿ, ಮದ್ದಳೆ ಮದ್ದಳೆಯಾಗಿ ಕೇಳುತ್ತದೆ. ಸೆಕೆಂಡ್‌ಹ್ಯಾಂಡ್, 62,000 ಕೊಟ್ಟೆ. ತೂಕ ಇಪ್ಪತ್ತು ಕಿಲೋ ಹತ್ತಿರ ಉಂಟು. ತೂಕ ಇದ್ದಷ್ಟೂ ಒಳ್ಳೆಯದು ಅಂತ ನನ್ನ ಲೆಕ್ಕ. ಅದೆಲ್ಲ ಟ್ರಾನ್ಸ್‌ಫಾರ್ಮರಿನ ಕಬ್ಬಿಣ, ತಾಮ್ರ. ವಾಲ್ವ್ ಆಂಪ್ಲಿಫೈಯರಿನ ಅರ್ಧ ಗುಣ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲೇ ಇರುವುದು.

ಸೆಕೆಯ ವಿಷಯ. ಇಎಲ್34ರ ಫಿಲಮೆಂಟ್, ಅಂದರೆ ಒಳಗೆ ಕೆಂಪಗೆ ಕಾಯುವ ತಂತಿ, ಮಾತ್ರವೇ 6.3 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್ ಎಳೆಯುತ್ತದೆ. ನಾಲ್ಕಕ್ಕೆ 38 ವಾಟ್ ಹತ್ತಿರ ಆಯಿತು. ಹಾಡು ಶುರುವಾಗುವ ಮೊದಲೇ ಅಷ್ಟು ಬಿಸಿ. ಒಟ್ಟು ನೋಡಿದರೆ 150 ವಾಟ್ ದಾಟುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಫ್ಯಾನ್ ಹಾಕದೆ ಕೂತುಕೊಳ್ಳಲಾಗುವುದಿಲ್ಲ, ಫ್ಯಾನ್ ಹಾಕಿದರೆ ತಂಬೂರಿ ಕೇಳುವುದಿಲ್ಲ. ನಾನು ಆ ಎರಡು ತಿಂಗಳು ಬೆಳಗ್ಗೆ ಐದೂವರೆಗೆ ಎದ್ದು ಕೇಳುತ್ತೇನೆ. ಆಟಿಯ ಮಳೆಯಲ್ಲಿ ಮಾತ್ರ ಅದರ ಹತ್ತಿರ ಕೂತರೆ ಏಳಲು ಮನಸ್ಸಾಗುವುದಿಲ್ಲ.

ಇನ್ನು ಕರೆಂಟು. ಬೇಸಿಗೆಯಲ್ಲಿ ತೋಟಗಳ ಪಂಪು ಒಟ್ಟಿಗೆ ಶುರುವಾದಾಗ ನಮ್ಮಲ್ಲಿ 195 ವೋಲ್ಟ್ ಬರುತ್ತದೆ. ರಾತ್ರಿ ಹನ್ನೊಂದರ ಮೇಲೆ 248. ನಾನೇ ಮೀಟರ್ ಇಟ್ಟು ನೋಡಿದ್ದು. 220 ವೋಲ್ಟಿಗೆ ಮಾಡಿದ ಆಂಪ್ಲಿಫೈಯರಿಗೆ 248 ಕೊಟ್ಟರೆ 6.3 ಇರಬೇಕಾದ ಫಿಲಮೆಂಟಿಗೆ 7.1 ವೋಲ್ಟ್ ಹೋಗುತ್ತದೆ. ವಾಲ್ವಿನ ಆಯುಸ್ಸು ಅಲ್ಲೇ ಕರಗುತ್ತದೆ. ಹಾಗಾಗಿ ಟ್ರಾನ್ಸ್‌ಫಾರ್ಮರಿನಲ್ಲಿ 230 ಅಥವಾ 240 ವೋಲ್ಟಿಗೆ ಸೇರಿಸುವ ಟ್ಯಾಪ್ ಉಂಟಾ ಅಂತ ಕೇಳಿಯೇ ತೆಗೆದುಕೊಳ್ಳಿ. ಸ್ಟೆಬಿಲೈಜರಿಗೆ ಅಂತ ಒಂದಿಷ್ಟು ದುಡ್ಡು ಮೊದಲೇ ತೆಗೆದಿಡಿ.

ಪೆರ್ಲದಿಂದ:

ಇನ್ವರ್ಟರ್ ಲೈನಿಗೆ ಕೊಡುವುದಾದರೆ ಸೈನ್ ವೇವಿನದ್ದೇ ಆಗಬೇಕು. ನಮ್ಮಲ್ಲಿ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇತ್ತು. ಕರೆಂಟು ಹೋದ ಕೂಡಲೇ ಟ್ರಾನ್ಸ್‌ಫಾರ್ಮರ್ ಗುಂಯ್ ಅಂತ ಕೂಗಲು ಶುರು. ಈಗ ಕರೆಂಟು ಹೋದರೆ ಸ್ವಿಚ್ ಆರಿಸಿ ಸುಮ್ನೆ ಇರುತ್ತೇನೆ. ಮಳೆಗಾಲದಲ್ಲಿ ಹೋಗಿ ಬಂದು, ಹೋಗಿ ಬಂದು ಆಗುತ್ತದಲ್ಲ, ಅದು ವಾಲ್ವಿಗೆ ಒಳ್ಳೆಯದಲ್ಲ. ಬಂದ ಮೇಲೆ ಐದು ಹತ್ತು ನಿಮಿಷ ಬಿಟ್ಟೇ ಹಾಕುವುದು.

ಉಪ್ಪಳದಿಂದ:

ನಾನು ಇಟ್ಟುಕೊಂಡು, ಕೊನೆಗೆ ಬಿಟ್ಟವನು. ಅದನ್ನೂ ಕೇಳಿಕೊಳ್ಳಿ.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಮನೆಯವರೆಲ್ಲ ಮದುವೆಗೆ ಹೋಗಿದ್ದೆವು. ಹೊರಡುವಾಗ ಬಿಸಿಲು ಇತ್ತು, ಪ್ಲಗ್ ತೆಗೆಯಲಿಲ್ಲ. ಸ್ವಿಚ್ ಆಫ್ ಇತ್ತು, ಅಷ್ಟೇ. ಸಂಜೆ ಬರುವಾಗ ಟಿವಿ, ಮೋಡೆಮ್, ಆಂಪ್ಲಿಫೈಯರ್ ಮೂರೂ ಹೋಗಿದ್ದವು. ಆಂಪ್ಲಿಫೈಯರಿನ ಮೈನ್ ಟ್ರಾನ್ಸ್‌ಫಾರ್ಮರ್ ಕರಟಿತ್ತು. ಮಾರಿದವರನ್ನು ಕೇಳಿದರೆ ಆ ಮಾಡೆಲ್ ಈಗ ಇಲ್ಲ ಅಂದರು. ಮಂಗಳೂರಿನಲ್ಲಿ ಒಬ್ಬರಲ್ಲಿ ರಿವೈಂಡ್ ಮಾಡಿಸಲು ನಾಲ್ಕು ತಿಂಗಳು ಹಿಡಿಯಿತು. ಸರಿಯಾಯಿತು, ಆದರೆ ಮೊದಲಿನ ನಿಶ್ಶಬ್ದ ಬರಲಿಲ್ಲ, ಸಣ್ಣ ಗುಂಯ್ ಉಳಿಯಿತು. ಕೊಟ್ಟುಬಿಟ್ಟೆ.

ಮುರಕಲ್ಲಿನ ನೆಲದಲ್ಲಿ ಬೇಸಿಗೆಯಲ್ಲಿ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ. ಮೊದಲು ಅದನ್ನು ಪರೀಕ್ಷೆ ಮಾಡಿಸಿ. ಮೋಡ ಕಪ್ಪಾದರೆ ಪ್ಲಗ್ಗನ್ನೇ ಕೀಳಿ. ಎಲ್‌ಪಿ ಪ್ಲೇಯರಿನ ಪ್ಲಗ್ಗೂ ಸೇರಿ.

ಕುಂಬಳೆಯಿಂದ:

ನಾನು ಸಂಗೀತ ಪಾಠ ಮಾಡುವವಳು. ನನ್ನಲ್ಲಿ ಈ ಯಂತ್ರ ಇಲ್ಲ, ತಮ್ಮನ ಮನೆಯಲ್ಲಿ ಉಂಟು. ಆ ಸ್ವರ ಯಾಕೆ ಹಿತ ಅಂತ ಅವನು ಹೇಳಿದ್ದು ನನಗೆ ತಟ್ಟನೆ ಅರ್ಥವಾಯಿತು, ನಿಮಗೂ ಹೇಳುತ್ತೇನೆ. ಯಾವ ಆಂಪ್ಲಿಫೈಯರ್ ಆದರೂ ಮೂಲ ಸ್ವರಕ್ಕೆ ತನ್ನದೊಂದಿಷ್ಟು ಸೇರಿಸುತ್ತದೆ. ಸಿಂಗಲ್ ಎಂಡೆಡ್ ವಾಲ್ವ್ ಹೆಚ್ಚಾಗಿ ಸೇರಿಸುವುದು ಎರಡು ಪಾಲು ಕಂಪನದ ಸ್ವರವನ್ನು. ಅಂದರೆ ಷಡ್ಜಕ್ಕೆ ತಾರ ಷಡ್ಜ. ಮೂರು ಪಾಲಿನದ್ದು ತಾರ ಸ್ಥಾಯಿಯ ಪಂಚಮ. ಎರಡೂ ತಂಬೂರಿಯಲ್ಲೇ ಇರುವ ಸ್ವರಗಳು ಅಲ್ವಾ? ಅದಕ್ಕೇ ಕಿವಿ ಒಪ್ಪಿಕೊಳ್ಳುತ್ತದೆ. ಏಳು ಪಾಲಿನಂಥದ್ದು ಸೇರಿದರೆ ಅದು ನಮ್ಮ ಯಾವ ಸ್ವರದ ಮೇಲೂ ಸರಿಯಾಗಿ ಕೂರುವುದಿಲ್ಲ, ಕಿರಿಕಿರಿ ಆಗುತ್ತದೆ.

ಪುಶ್-ಪುಲ್‌ನಲ್ಲಿ ಆ ತಾರ ಷಡ್ಜದ ಪಾಲು ಒಂದಕ್ಕೊಂದು ಕಳೆದು ಬಹಳ ಕಡಿಮೆಯಾಗುತ್ತದಂತೆ. ಹಾಗಾಗಿ ನೀರ್ಚಾಲಿನವರು ಹೇಳಿದ್ದನ್ನು ತಂದರೆ ಬೆಂಗಳೂರಿನಲ್ಲಿ ಕೇಳಿದ ಸ್ವರವೇ ಬರುತ್ತದೆ ಅಂತ ಕಾಯಬೇಡಿ. ಬೇರೆ ರೀತಿಯಲ್ಲಿ ಚೆನ್ನಾಗಿರುತ್ತದೆ.

ಇನ್ನೊಂದು ಮಾತು. ಅಪ್ಪನ ಎಲ್‌ಪಿಗಳು ಅಂದಿರಿ. ಸೂಜಿ ಬದಲಿಸಿ ಎಷ್ಟು ವರ್ಷ ಆಯಿತು? ತಟ್ಟೆಗಳಿಗೆ ಬೂಷ್ಟು ಹಿಡಿದಿಲ್ಲವಾ? ನಮ್ಮ ಕಡೆ ಎರಡು ಮಳೆಗಾಲ ಮುಟ್ಟದೆ ಇಟ್ಟರೆ ಸಾಕು. ಸವೆದ ಸೂಜಿ ತಟ್ಟೆಯನ್ನೇ ಕೆರೆಯುತ್ತದೆ. ಯಾವ ಆಂಪ್ಲಿಫೈಯರೂ ಅದನ್ನು ವಾಪಸು ತರುವುದಿಲ್ಲ. ಇವತ್ತೇ ನೋಡಿ.

ಕಾಸರಗೋಡು ಪೇಟೆಯಿಂದ:

ತಮ್ಮಾ, ನನಗೆ ಎಪ್ಪತ್ತನಾಲ್ಕು. ನಲುವತ್ತು ವರ್ಷ ರೇಡಿಯೋ ರಿಪೇರಿ ಮಾಡಿದೆ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗ ಅಟ್ಟದಲ್ಲಿ ಬಿದ್ದಿದ್ದ ಮರ್ಫಿ, ಫಿಲಿಪ್ಸ್ ವಾಲ್ವ್ ಸೆಟ್ಟುಗಳನ್ನೆಲ್ಲ ಜನ ಹೊತ್ತು ತಂದಿದ್ದರು. ವಾಲ್ವಿನ ಬಗ್ಗೆ ನಿಮಗೆಲ್ಲ ಇಷ್ಟು ಪ್ರೀತಿ ಉಂಟು ಅಂತ ಓದಿ ಸಂತೋಷವಾಯಿತು.

ಮೊದಲನೆಯದು ಜೀವದ ಮಾತು. ಒಳಗೆ 300ರಿಂದ 450 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ನಿಂತಿರುತ್ತದೆ. ಅಡಿಯ ತಗಡು ಬಿಚ್ಚಲೇಬೇಡಿ. ಗಾಜು ಮುಟ್ಟಿದರೆ ಬೊಬ್ಬೆ ಏಳುವಷ್ಟು ಸುಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮೇಲಿನ ಜಾಲರಿ ತೆಗೆಯಬೇಡಿ.

ಎರಡನೆಯದು, ಸ್ಪೀಕರ್ ವಯರ್ ಸಿಕ್ಕಿಸದೆ ಯಾವತ್ತೂ ಆನ್ ಮಾಡಬಾರದು. ಟ್ರಾನ್ಸಿಸ್ಟರ್ ಸಹಿಸುತ್ತದೆ, ಇದು ಸಹಿಸುವುದಿಲ್ಲ. ಎಳೆಯಲು ಏನೂ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಒಳಗಿನ ಇನ್ಸುಲೇಶನ್ ತೂತಾಗುತ್ತದೆ. ನಿನ್ನ ಸ್ಪೀಕರ್ 6 ಓಮ್ ಅಂದೆಯಲ್ಲ, ಹಿಂದೆ 4 ಮತ್ತು 8 ಅಂತ ಎರಡು ಕಡೆ ಇರುತ್ತದೆ. ಒಂದಾದ ಮೇಲೆ ಒಂದರಲ್ಲಿ ಹಾಕಿ ಕೇಳು. ಹಾಕುವಾಗ ಆಫ್ ಮಾಡು.

ವಾಲ್ವಿನಲ್ಲಿ ಹರಿಯುವ ಕರೆಂಟನ್ನು ತಾನೇ ಹದದಲ್ಲಿಡುವ ಆಟೋ ಬಯಾಸ್ ಇರುವುದನ್ನೇ ತೆಗೆದುಕೋ. ಫಿಕ್ಸೆಡ್ ಬಯಾಸ್ ಆದರೆ ವಾಲ್ವ್ ಬದಲಿಸಿದಾಗೆಲ್ಲ ಮೀಟರ್ ಹಿಡಿದು ತಿರುಗಿಸಬೇಕು. ಈಗಿನ ಮೆಕ್ಯಾನಿಕ್ ಹುಡುಗರಿಗೆ ಅದು ಅಭ್ಯಾಸ ಇಲ್ಲ. ಪವರ್ ವಾಲ್ವ್ ಎರಡು ಸಾವಿರದಿಂದ ಐದು ಸಾವಿರ ಗಂಟೆ ಬಾಳುತ್ತದೆ. ದಿನಕ್ಕೆ ಎರಡು ಗಂಟೆ ಕೇಳಿದರೆ ಎರಡೂವರೆ ವರ್ಷಕ್ಕಂತೂ ಮೋಸ ಇಲ್ಲ. ಸಣ್ಣವು ಇನ್ನೂ ಜಾಸ್ತಿ. ಆಗ ಬೆಂಗಳೂರಿನ ಬಿಇಎಲ್ ವಾಲ್ವುಗಳೇ ನಮಗೆ ಸಿಗುತ್ತಿದ್ದವು. ಈಗ ಹೊಸದು ಸ್ಲೊವಾಕಿಯ, ರಷ್ಯಾ, ಚೀನಾದಿಂದ ಬರುತ್ತದೆ. ಇಎಲ್34, ಇಎಲ್84, 12ಎಎಕ್ಸ್7 ಇವೆಲ್ಲ ಈಗಲೂ ತಯಾರಾಗುವಂಥವು. ಅಂಥದ್ದಿರುವ ಸೆಟ್ಟೇ ತೆಗೆದುಕೊಂಡರೆ ಮುಂದೆ ಪರದಾಡಬೇಕಿಲ್ಲ. ಇಸಿಸಿ83 ಅಂತ ಬರೆದಿದ್ದರೆ ಗಾಬರಿ ಬೇಡ, ಅದೂ 12ಎಎಕ್ಸ್7 ಒಂದೇ.

ಅಗ್ಗಕ್ಕೆ ಸಿಗುವ ಸಣ್ಣ ಡಬ್ಬಿಗಳಲ್ಲಿ ವಾಲ್ವಿನ ಅಡಿಯಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ. ಸ್ಪೀಕರ್ ನಡೆಸುವುದು ಒಳಗಿನ ಚಿಪ್. ನಿಜವಾದ ಫಿಲಮೆಂಟ್ ನಿಧಾನ ಕೆಂಪಗಾಗುತ್ತದೆ, ಆರುವಾಗಲೂ ನಿಧಾನ. ಆನ್ ಮಾಡಿದ ಕೂಡಲೇ ಫಳ್ಳನೆ ಬೆಳಗಿದರೆ ಅದು ಎಲ್‌ಇಡಿ ಅಂತ ತಿಳಿದುಕೋ.

ಮಳೆಗಾಲದಲ್ಲಿ ವಾರಕ್ಕೆ ಎರಡು ಸಲವಾದರೂ ಒಂದೊಂದು ಗಂಟೆ ಹಾಕು. ತೇವ ಆರುತ್ತದೆ. ಬಿಸಿ ಇರುವ ಕಡೆ ಹಲ್ಲಿ ಬಂದು ಸೇರುತ್ತದೆ. ಸಣ್ಣ ಹಲ್ಲಿಯೊಂದು ಒಳಗೆ ಸಿಕ್ಕಿ ಶಾರ್ಟ್ ಆಗಿ ಸುಟ್ಟ ಸೆಟ್ಟುಗಳನ್ನು ಎಷ್ಟೋ ನೋಡಿದ್ದೇನೆ. ಅಡಿಯ ತೂತುಗಳಿಗೆ ಸಣ್ಣ ಕಣ್ಣಿನ ಲೋಹದ ಬಲೆ ಹಾಕಿಸು. ಗಾಳಿ ಮಾತ್ರ ಕಟ್ಟಬಾರದು.

ನೀರ್ಚಾಲಿನಿಂದ ಮತ್ತೆ:

ಅಣ್ಣ, ದುಡ್ಡು ಕೊಡುವ ಮೊದಲು ನಿಮ್ಮ ಸ್ಪೀಕರ್ ಹಿಡಿದುಕೊಂಡು ನಮ್ಮಲ್ಲಿಗೆ ಬನ್ನಿ. ಆಟದ ರೆಕಾರ್ಡಿಂಗ್ ಒಂದು, ಖಯಾಲ್ ಒಂದು ತನ್ನಿ. ನಿಮ್ಮ ಈಗಿನ ಆಂಪ್ಲಿಫೈಯರನ್ನೂ ತನ್ನಿ. ಎರಡರಲ್ಲೂ ಅದೇ ಪದ ಹಾಕಿ ನೋಡೋಣ. ವ್ಯತ್ಯಾಸ ನಿಮ್ಮ ಕಿವಿಗೆ ಬೀಳದಿದ್ದರೆ ಆ 80,000ದಲ್ಲಿ ಒಳ್ಳೆಯ ಸ್ಪೀಕರ್ ತೆಗೆದುಕೊಳ್ಳಿ ಅಂತ ನಾನೇ ಹೇಳುತ್ತೇನೆ.

ಬದಿಯಡ್ಕದಿಂದ:

ಎಲ್ಲರಿಗೂ ತುಂಬ ಉಪಕಾರವಾಯಿತು. ಬೆಂಗಳೂರಿಗೆ ಫೋನ್ ಮಾಡಿ ಕೇಳಿದೆ. ಅವರ ಸ್ಪೀಕರ್ 96 ಡೆಸಿಬೆಲ್. 300ಬಿ ಸದ್ಯಕ್ಕೆ ಬಿಟ್ಟೆ. ಅಕ್ಕ ಹೇಳಿದ ಮೇಲೆ ಎಲ್‌ಪಿಗಳನ್ನು ತೆಗೆದು ನೋಡಿದೆ. ಆರು ತಟ್ಟೆಗಳಿಗೆ ಬೂಷ್ಟು ಹಿಡಿದಿದೆ. ಸೂಜಿ ಅಪ್ಪ ಇರುವಾಗ ಹಾಕಿದ್ದೇ. ಹೊಸದಕ್ಕೆ ಹೇಳಿದ್ದೇನೆ. ಪೇಟೆಯ ಅಣ್ಣ, ಅರ್ಥಿಂಗ್ ನೋಡಲು ಇಲೆಕ್ಟ್ರೀಶಿಯನ್ ಬುಧವಾರ ಬರುತ್ತಾರೆ. ಅವರು ಹೇಳಿದ್ದನ್ನು ನಿಮಗೆ ತಿಳಿಸುತ್ತೇನೆ, ಸರಿ ಉಂಟಾ ಅಂತ ಹೇಳಬೇಕು.

ನೀರ್ಚಾಲಿಗೆ ಭಾನುವಾರ ಬೆಳಗ್ಗೆ ಬರುತ್ತೇನೆ. ಸೆಕೆ ಏರುವ ಮೊದಲೇ ಮುಟ್ಟುತ್ತೇನೆ.