ಮದುವೆಯ ನೆನಪಿನ ಕಾಣಿಕೆಯಾಗಿ ಮನೆಯಲ್ಲೇ ತಯಾರಿಸಿದ ಬಿಯರ್: ಎಲ್ಲ ಬಾಟಲಿಗಳೂ ಒಂದೇ ಸಮನಾಗಿ ಬರಲು ಏನು ಮಾಡಬೇಕು?

ತಂಗಿಯ ಅಣ್ಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇನ್ನು 20 ವಾರಗಳಲ್ಲಿ ನನ್ನ ತಂಗಿಯ ಮದುವೆ ಇದೆ. ಬಂದವರು ಹೊರಡುವಾಗ ಅವರ ಕೈಗೆ ಕೊಡುವ ಕಾಣಿಕೆಯನ್ನು ಅಂಗಡಿಯಿಂದ ತರುವ ಬದಲು, ನಾನೇ ತಯಾರಿಸಿದ ಬಿಯರನ್ನು 330 ಮಿಲಿಲೀಟರಿನ ಬಾಟಲಿಗಳಲ್ಲಿ ತುಂಬಿ, ವಧೂವರರ ಹೆಸರಿನ ಲೇಬಲ್ ಅಂಟಿಸಿ ಕೊಡಬೇಕೆಂಬುದು ನನ್ನ ಆಸೆ. ತಂಗಿಯೂ ಸಂತೋಷದಿಂದ ಒಪ್ಪಿದ್ದಾಳೆ.

ಎರಡು ವರ್ಷಗಳಿಂದ ಮನೆಯಲ್ಲಿ ಬಿಯರ್ ಮಾಡುತ್ತಿದ್ದೇನೆ. ಇದುವರೆಗೆ 11 ಬಾರಿ ಮಾಡಿದ್ದು, ಎರಡು ಬಾರಿ ಕೆಟ್ಟಿದೆ, ಉಳಿದವು ಚೆನ್ನಾಗಿಯೇ ಬಂದಿವೆ. ನನ್ನ ಹುದುಗು ಪಾತ್ರೆಯಲ್ಲಿ ಒಮ್ಮೆಗೆ 20 ಲೀಟರ್ ಮಾಡಬಹುದು. ಆಹ್ವಾನಿತರು ಸುಮಾರು 160 ಮಂದಿ. ವರನಿಗೆ ಹಾಪ್ಸ್ (ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹೂ) ಪರಿಮಳ ಜೋರಾಗಿರುವ ಐಪಿಎ ಎಂಬ ಬಗೆಯ ಬಿಯರ್ ಎಂದರೆ ಪ್ರಾಣ, ಆದ್ದರಿಂದ ಅದನ್ನೇ ಮಾಡಿ, ಬಣ್ಣ ಕಾಣುವಂತೆ ಬಿಳಿ ಗಾಜಿನ ಬಾಟಲಿಗಳಲ್ಲಿ ತುಂಬಿ, ಕುತ್ತಿಗೆಯನ್ನು ಕೆಂಪು ಮೇಣದಲ್ಲಿ ಅದ್ದಬೇಕೆಂದುಕೊಂಡಿದ್ದೇನೆ.

ನನಗಿರುವ ಅಳುಕು ಒಂದೇ. ಮನೆಯಲ್ಲಿ ಕುಡಿಯುವಾಗ ಒಂದು ಬಾಟಲಿ ಚಪ್ಪೆಯಾಗಿದ್ದರೆ ಅದನ್ನು ಬದಿಗಿಟ್ಟು ಇನ್ನೊಂದನ್ನು ತೆರೆಯುತ್ತೇವೆ. ಆದರೆ ಅತಿಥಿಯ ಪಾಲಿಗೆ ಬರುವುದು ಒಂದೇ ಬಾಟಲಿ. ಅದು ಚಪ್ಪೆಯಾಗಿದ್ದರೆ, ಅಥವಾ ಮುಚ್ಚಳ ತೆಗೆದೊಡನೆ ನೊರೆಯೆಲ್ಲ ಉಕ್ಕಿ ಬಟ್ಟೆಯ ಮೇಲೆ ಬಿದ್ದರೆ, ತಂಗಿಯ ಮದುವೆಯ ನೆನಪಾಗಿ ಅವರಿಗೆ ಉಳಿಯುವುದು ಅದೇ. ಇಂಥ ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಿ.

ಹಳೆಯ ಪೀಪಾಯಿ

ನಿಮ್ಮ ಅಳುಕು ಸರಿಯಾದ ಜಾಗದಲ್ಲಿದೆ, ಆದ್ದರಿಂದ ಕೆಲಸವೂ ಸರಿಯಾಗಿ ಆಗುತ್ತದೆ ಎಂಬ ನಂಬಿಕೆ ನನಗಿದೆ. ಪಾತ್ರೆಗೆ ಕೈ ಹಾಕುವ ಮೊದಲು ಎರಡು ವಿಷಯಗಳನ್ನು ವಿಚಾರಿಸಿಕೊಳ್ಳಿ. ಮನೆಯಲ್ಲಿ ಮಾಡಿದ ಬಿಯರನ್ನು ಹೊರಗೆ ಒಯ್ದು ಹಂಚಲು ನಿಮ್ಮಲ್ಲಿನ ಕಾನೂನು ಬಿಡುತ್ತದೆಯೇ, ಮತ್ತು ಮದುವೆ ನಡೆಯುವ ಸ್ಥಳದವರು ಹೊರಗಿನ ಮದ್ಯವನ್ನು ಒಳಗೆ ತರಲು ಒಪ್ಪುತ್ತಾರೆಯೇ. ಇವೆರಡಕ್ಕೂ ಉತ್ತರ ಸಿಗುವವರೆಗೆ ಒಂದು ಚೀಲ ಮಾಲ್ಟನ್ನೂ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕೊಳ್ಳಬೇಡಿ.

ಇನ್ನು ಲೆಕ್ಕ. 20 ಲೀಟರ್ ಮಾಡಿದರೆ 20 ಲೀಟರ್ ಬಾಟಲಿಗೆ ಬರುವುದಿಲ್ಲ. ತಳದಲ್ಲಿ ಕೂರುವ ಯೀಸ್ಟ್ ಮತ್ತು ಹಾಪ್ಸಿನ ಗಸಿ, ಹೈಡ್ರೋಮೀಟರಿಗೆಂದು (ದ್ರವದ ಸಾಂದ್ರತೆ ಅಳೆಯುವ ಸಾಧನ) ತೆಗೆಯುವ ಮಾದರಿ, ಕೊಳವೆಯಲ್ಲಿ ಉಳಿಯುವುದು ಎಲ್ಲವನ್ನೂ ಕಳೆದರೆ ಸುಮಾರು 18 ಲೀಟರ್ ಸಿಗುತ್ತದೆ, ಅಂದರೆ 54 ಬಾಟಲಿ. 160 ಮಂದಿಯಲ್ಲಿ ಮಕ್ಕಳಿರುತ್ತಾರೆ, ಕುಡಿಯದವರಿರುತ್ತಾರೆ, ಜೋಡಿಯಾಗಿ ಬರುವವರಿರುತ್ತಾರೆ. ಮನೆಗೊಂದು ಬಾಟಲಿ ಎಂದು ಲೆಕ್ಕ ಹಾಕಿದರೆ 90ರಿಂದ 100 ಸಾಕಾಗಬಹುದು, ಆಗ ಎರಡು ಬಾರಿ ಮಾಡಿದರೆ ಮುಗಿಯಿತು.

ಐಪಿಎ ಬೇಡವೆಂದು ನಾನು ಒತ್ತಿ ಹೇಳುತ್ತೇನೆ. ಹಾಪ್ಸಿನ ಪರಿಮಳ ಬಾಟಲಿಯಲ್ಲಿ ವಾರದಿಂದ ವಾರಕ್ಕೆ ಇಳಿಯುತ್ತಾ ಹೋಗುತ್ತದೆ, ತುಂಬುವಾಗ ಒಳಗೆ ಸೇರಿದ ಅಲ್ಪ ಗಾಳಿಯೂ ಅದನ್ನು ಕೆಡಿಸುತ್ತದೆ. ಅತಿಥಿಗಳಲ್ಲಿ ಕೆಲವರು ಆ ರಾತ್ರಿಯೇ ಕುಡಿದಾರು, ಕೆಲವರು ಕಪಾಟಿನಲ್ಲಿಟ್ಟು ನಾಲ್ಕು ತಿಂಗಳು ಬಿಟ್ಟು ತೆಗೆದಾರು. ಇಬ್ಬರಿಗೂ ಚೆನ್ನಾಗಿರಬೇಕಾದರೆ ಮಾಲ್ಟಿನ ರುಚಿ ಮುಂದಿರುವ, ಕಹಿ ಹದವಾಗಿರುವ ಆಂಬರ್ ಏಲ್ ಅಥವಾ ಬ್ರೌನ್ ಏಲ್ (ಏಲ್ ಎಂಬುದು ಬಿಯರಿನ ಒಂದು ಬಗೆ) ಮಾಡಿ. ಮೊದಲ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಯೀಸ್ಟ್ ಸಕ್ಕರೆಯನ್ನು ತಿಂದಂತೆ ಇದು ಇಳಿಯುತ್ತದೆ) 1.050, ಕೊನೆಯದು 1.012 ಎಂದಿಟ್ಟುಕೊಂಡರೆ ವ್ಯತ್ಯಾಸವನ್ನು 131.25ರಿಂದ ಗುಣಿಸಿದಾಗ ಶೇ. 5ರಷ್ಟು ಮದ್ಯಸಾರ ಬರುತ್ತದೆ. ಬಿಯರಿನ ಪರಿಚಯವಿಲ್ಲದವರಿಗೂ ಅದು ಹಿತವಾಗಿರುತ್ತದೆ. ವರನಿಗಾಗಿ ಒಂದು ಚಿಕ್ಕ ಪಾತ್ರೆಯಲ್ಲಿ ಐಪಿಎಯನ್ನು ಮದುವೆಗೆ ಐದು ವಾರ ಮುಂಚೆ ಬೇರೆಯಾಗಿ ಮಾಡಿ, ಅನಿಲ ಕೂಡಿದೊಡನೆ ಫ್ರಿಜ್ಜಿನಲ್ಲಿಟ್ಟು ಕೊಡಿ. ಅಣ್ಣನಾಗಿ ನೀವು ಭಾವನಿಗೆ ಕೊಡುವ ಉಡುಗೊರೆ ಅದಾಗಲಿ.

ಬಿಳಿ ಗಾಜಿನ ಆಸೆಯನ್ನೂ ಬಿಡಿ. ಹಾಪ್ಸಿನಿಂದ ಬರುವ ಕಹಿಯ ಅಂಶಗಳು ಬೆಳಕಿಗೆ ಒಡೆದು, ಗಂಧಕ ಸೇರಿದ ಕೆಟ್ಟ ವಾಸನೆಯೊಂದು ಹುಟ್ಟುತ್ತದೆ. ಪಾರದರ್ಶಕ ಗಾಜಿನಲ್ಲಿ, ನೇರ ಬಿಸಿಲಿನಲ್ಲಿ, ಇದಕ್ಕೆ ಕೆಲವೇ ನಿಮಿಷ ಸಾಕು. ಮದುವೆಯ ಮೇಜಿನ ಮೇಲೆ ಮಧ್ಯಾಹ್ನವಿಡೀ ಕುಳಿತ ಬಾಟಲಿಯ ಗತಿಯನ್ನು ಯೋಚಿಸಿ. ಹಸಿರು ಗಾಜೂ ಹೆಚ್ಚು ತಡೆಯುವುದಿಲ್ಲ, ಕಂದು ಗಾಜೇ ಬೇಕು.

ವೇಳಾಪಟ್ಟಿಯಲ್ಲಿ ಧಾರಾಳವಾಗಿರಿ. ಈ ವಾರವೇ ಒಂದು ಪರೀಕ್ಷೆಯ ಬಿಯರ್ ಮಾಡಿ. ಹುದುಗಲು ಎರಡು ವಾರ, ಬಾಟಲಿಯಲ್ಲಿ ಅನಿಲ ಕೂಡಲು 20 ಡಿಗ್ರಿಯ ಆಸುಪಾಸಿನಲ್ಲಿ ಮೂರು ವಾರ ಬಿಟ್ಟು, ಐದನೆಯ ವಾರ ಒಮ್ಮೆ, ಎಂಟನೆಯ ವಾರ ಇನ್ನೊಮ್ಮೆ ರುಚಿ ನೋಡಿ. ನಿಜವಾದ ಎರಡು ಬಾರಿಯ ಕೆಲಸವನ್ನು ಮದುವೆಗೆ 12 ವಾರಗಳಿರುವಾಗ ಆರಂಭಿಸಿದರೆ, ಒಂದು ಕೆಟ್ಟರೂ ಮತ್ತೊಮ್ಮೆ ಮಾಡಲು ಕಾಲ ಉಳಿದಿರುತ್ತದೆ.

ನೊರೆಗಾರ

ಪೀಪಾಯಿಯವರು ಹೇಳಿದ್ದೆಲ್ಲ ಸರಿ. ನಾನು ಒಂದೇ ವಿಷಯವನ್ನು ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಾನು ಎಡವಿದ್ದೇನೆ.

ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪನ ಮಗನ ಮದುವೆಗೆಂದು ಬ್ರೌನ್ ಏಲ್ ಮಾಡಿದ್ದೆ. ದಿನ ಹತ್ತಿರ ಬಂದಿತ್ತು. ಒಂಬತ್ತನೆಯ ದಿನ ಹೈಡ್ರೋಮೀಟರ್ 1.016 ತೋರಿಸಿತು, ಗುಳ್ಳೆ ಬರುವುದು ನಿಂತಿತ್ತು, ಹುದುಗುವಿಕೆ ಮುಗಿದಿದೆ ಎಂದು ತಿಳಿದು ಎಂದಿನ ಪ್ರಮಾಣದ ಸಕ್ಕರೆ (ಬಾಟಲಿಯೊಳಗೆ ಯೀಸ್ಟ್ ಇದನ್ನು ತಿಂದಾಗಲೇ ನೊರೆಗೆ ಬೇಕಾದ ಅನಿಲ ಹುಟ್ಟುವುದು) ಸೇರಿಸಿ ಬಾಟಲಿಗೆ ತುಂಬಿದೆ. ಯೀಸ್ಟ್ ನಿಜವಾಗಿ ಸುಸ್ತಾಗಿ ಕುಳಿತಿತ್ತು, ಅಷ್ಟೆ. ಬೆಚ್ಚಗಿನ ಕೋಣೆಯಲ್ಲಿ ಅದು ಮತ್ತೆ ಎದ್ದು ಉಳಿದ ಸಕ್ಕರೆಯನ್ನು ತಿನ್ನತೊಡಗಿತು. ಮೂರನೆಯ ವಾರದ ಒಂದು ರಾತ್ರಿ ಶಬ್ದ ಕೇಳಿ ಹೋಗಿ ನೋಡಿದರೆ, ಒಡೆದ ಬಾಟಲಿಯ ಬೆರಳುದ್ದದ ಗಾಜಿನ ಚೂರೊಂದು ಕಪಾಟಿನ ಮರದ ಬಾಗಿಲಿಗೆ ಮೊಳೆ ಹೊಡೆದಂತೆ ನೆಟ್ಟಿತ್ತು. ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅದೇ ಬಾಟಲಿ ಒಬ್ಬ ಅತಿಥಿಯ ಕೈಚೀಲದಲ್ಲಿದ್ದಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ಮೇಲೆ ಲೆಕ್ಕ ಮಾಡಿ ನೋಡಿದೆ. ಗ್ರಾವಿಟಿಯ ಒಂದು ಅಂಕ, ಅಂದರೆ 1.013ರಿಂದ 1.012ಕ್ಕೆ ಇಳಿಯುವಷ್ಟು ಸಕ್ಕರೆ, ಬಾಟಲಿಯೊಳಗೆ ಹುದುಗಿದರೆ ಬಿಯರಿನ ಪರಿಮಾಣದ ಸುಮಾರು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ನನ್ನದು ನಾಲ್ಕು ಅಂಕ ಬಾಕಿ ಇತ್ತು, ಎಂದರೆ ಬಿಯರಿನ ಪರಿಮಾಣದ ಎರಡು ಪಟ್ಟು ಅನಿಲ ಹೆಚ್ಚು. ಸಾಮಾನ್ಯ ಏಲಿಗೆ ಬೇಕಾದದ್ದು ಸುಮಾರು 2.4 ಪಟ್ಟು, ಸಾಮಾನ್ಯ ಬಾಟಲಿಯಲ್ಲಿ 3 ಪಟ್ಟನ್ನು ದಾಟಿಸುವುದು ಕ್ಷೇಮವಲ್ಲ, ನನ್ನದು 4.5ರ ಹತ್ತಿರ ಹೋಗಿತ್ತು.

ಆದ್ದರಿಂದ ಗುಳ್ಳೆಯನ್ನು ನಂಬಬೇಡಿ, ದಿನಗಳ ಎಣಿಕೆಯನ್ನೂ ನಂಬಬೇಡಿ. ಮೂರು ದಿನಗಳ ಅಂತರದಲ್ಲಿ ಎರಡು ಬಾರಿ ಅಳೆದಾಗ ಗ್ರಾವಿಟಿ ಒಂದೇ ಇರಬೇಕು, ಮತ್ತು ಅದು ನೀವು ನಿರೀಕ್ಷಿಸಿದ ಕೊನೆಯ ಅಂಕವಾಗಿರಬೇಕು. ಆ ಕೊನೆಯ ಅಂಕವನ್ನು ಮೊದಲೇ ತಿಳಿಯಲು ಒಂದು ಉಪಾಯವಿದೆ. ಯೀಸ್ಟ್ ಹಾಕುವ ದಿನ ಒಂದು ಲೋಟದಷ್ಟು ವರ್ಟನ್ನು (ಇನ್ನೂ ಹುದುಗದ ಮಾಲ್ಟಿನ ಸಿಹಿ ರಸ) ಶುಚಿಯಾದ ಸೀಸೆಗೆ ತೆಗೆದು, ಅದಕ್ಕೆ ಅದೇ ಯೀಸ್ಟನ್ನು ಧಾರಾಳವಾಗಿ ಹಾಕಿ, ಬಾಯಿಯನ್ನು ಬಿಗಿಯಾಗಿ ಮುಚ್ಚದೆ ಬೆಚ್ಚಗಿನ ಜಾಗದಲ್ಲಿಟ್ಟು ಆಗಾಗ ಅಲ್ಲಾಡಿಸಿ. ಅದು ಕೆಲವೇ ದಿನಗಳಲ್ಲಿ ಪೂರ್ತಿ ಹುದುಗಿ, ದೊಡ್ಡ ಪಾತ್ರೆ ಎಲ್ಲಿಗೆ ತಲುಪಬೇಕು ಎಂಬುದನ್ನು ತೋರಿಸಿಬಿಡುತ್ತದೆ.

ಒಂದು ಬಾಟಲಿ ಚಪ್ಪೆ, ಇನ್ನೊಂದು ಉಕ್ಕುವುದು ಎಂಬ ತೊಂದರೆಗೆ ಸಾಮಾನ್ಯವಾಗಿ ಸಕ್ಕರೆ ಸಮನಾಗಿ ಬೆರೆಯದಿರುವುದೇ ಕಾರಣ. ಬಾಟಲಿಗೊಂದು ಚಮಚ ಎಂದು ಹಾಕಬೇಡಿ. ಲೀಟರಿಗೆ 6 ಗ್ರಾಂ ಸಕ್ಕರೆಯಂತೆ ತೂಕ ಮಾಡಿ, ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ, ಖಾಲಿ ಬಕೆಟ್ಟಿನ ತಳಕ್ಕೆ ಸುರಿದು, ಅದರ ಮೇಲೆ ಬಿಯರನ್ನು ಸೈಫನ್ ಕೊಳವೆಯಿಂದ ಸುಳಿಯಾಡುವಂತೆ, ಆದರೆ ಸದ್ದಾಗದಂತೆ ಇಳಿಸಿ, ಕೊನೆಗೆ ಶುಚಿ ಮಾಡಿದ ಸೌಟಿನಿಂದ ನಿಧಾನವಾಗಿ ಕಲಕಿ. ಮೊದಲು ಮಾಡಿದ 20 ಲೀಟರನ್ನು ಮನಸ್ಸಿನಲ್ಲಿಟ್ಟು 120 ಗ್ರಾಂ ಹಾಕಬೇಡಿ, ಬಕೆಟ್ಟಿಗೆ ಬಂದಿರುವುದು 18 ಲೀಟರ್ ಆಗಿದ್ದರೆ 108 ಗ್ರಾಂ ಮಾತ್ರ.

ಪ್ರತಿ ಬಾರಿಯ ಬಿಯರಿನಿಂದ ಒಂದನ್ನು ಸೋಡಾ ಬಾಟಲಿಯಂಥ ಪ್ಲಾಸ್ಟಿಕ್ ಬಾಟಲಿಗೆ ತುಂಬಿಡಿ, ಅದು ಒತ್ತಿದರೆ ಬಗ್ಗದಷ್ಟು ಬಿಗಿಯಾದಾಗ ಅನಿಲ ಕೂಡಿದೆ ಎಂದರ್ಥ. ನಾಲ್ಕು ಗಾಜಿನ ಬಾಟಲಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬದಲ್ಲಿ, ಬೆಚ್ಚಗಿನ ಜಾಗದಲ್ಲಿಟ್ಟು, ಎರಡು ವಾರಕ್ಕೊಂದನ್ನು ತಂಪು ಮಾಡಿ ತೆರೆಯಿರಿ. ತೆರೆದ ಒಂದೊಂದು ಬಾಟಲಿಯಲ್ಲೂ ನೊರೆ ಹಿಂದಿನದಕ್ಕಿಂತ ಏರುತ್ತಿದ್ದರೆ ಕಾಡು ಯೀಸ್ಟ್ (ನಾವು ಹಾಕದೆ ಹೊರಗಿನಿಂದ ಬಂದದ್ದು) ಸೇರಿರಬಹುದು. ಆಗ ಆ ಇಡೀ ಬಾರಿಯ ಒಂದು ಬಾಟಲಿಯನ್ನೂ ಹಂಚಬೇಡಿ, ಎಷ್ಟೇ ಹೊಟ್ಟೆ ಉರಿದರೂ ಸರಿ.

ಕಾಗದ ಕತ್ತರಿ

ನನ್ನ ಮದುವೆಯಲ್ಲಿ ನಾವು 80 ಬಾಟಲಿ ಹಂಚಿದೆವು. ಬಿಯರ್ ಮಾಡಿದ್ದು ನನ್ನ ಯಜಮಾನರು, ಬಾಟಲಿ ತೊಳೆದು ಲೇಬಲ್ ಅಂಟಿಸಿದ್ದು ನಾನು ಮತ್ತು ನನ್ನ ಅಕ್ಕ. ಹಾಗಾಗಿ ಹೊರಗಿನ ಕೆಲಸದ ಬಗ್ಗೆ ಹೇಳುತ್ತೇನೆ.

ಹಳೆಯ ಬಾಟಲಿ ಬಳಸುವುದಾದರೆ ತಿರುಗಿಸಿ ತೆಗೆಯುವ ಬಾಯಿಯವನ್ನು ಆಗಲೇ ಬೇರ್ಪಡಿಸಿ, ಮನೆಯ ಮುಚ್ಚಳ ಒತ್ತುವ ಯಂತ್ರ ಅವುಗಳ ಮೇಲೆ ಬಿಗಿಯಾಗಿ ಕೂರುವುದಿಲ್ಲ. ತೊಳೆಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ರಾತ್ರಿ ನೆನೆಸಿದರೆ ಹಳೆಯ ಲೇಬಲ್ ಬಹುಮಟ್ಟಿಗೆ ತಾನೇ ಜಾರುತ್ತದೆ. ತೊಳೆದ ಮೇಲೆ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ತಳವನ್ನು ನೋಡಿ. ತೆಳುವಾದ ಬೂದು ಉಂಗುರವೇನಾದರೂ ಕಂಡರೆ ಉಜ್ಜುತ್ತಾ ಕೂರಬೇಡಿ, ಆ ಬಾಟಲಿಯನ್ನು ತೆಗೆದುಹಾಕಿ. ನಾವು ಹೀಗೆ ಒಂಬತ್ತನ್ನು ಬಿಟ್ಟೆವು.

ಲೇಬಲನ್ನು ಅಂಟಿಸಲು ಅತ್ಯುತ್ತಮ ಅಂಟು ಎಂದರೆ ಹಾಲು. ಕೇಳಿದಾಗ ನಾನೂ ನಂಬಿರಲಿಲ್ಲ. ಸಾಮಾನ್ಯ ಕಾಗದದ ಮೇಲೆ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿ, ಹಿಂಬದಿಗೆ ಕುಂಚದಿಂದ ತೆಳುವಾಗಿ ಹಾಲು ಹಚ್ಚಿ, ಬಾಟಲಿಗೆ ಸುತ್ತಿ, ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಹೆಚ್ಚಿನ ಹಾಲನ್ನು ಒರೆಸಿಬಿಡಿ. ಒಣಗಿದ ಮೇಲೆ ವಾಸನೆ ಇರುವುದಿಲ್ಲ, ಕಾಗದ ಚರ್ಮದಂತೆ ಕೂರುತ್ತದೆ, ಬೇಡವಾದಾಗ ಬಿಸಿ ನೀರಿಗೆ ಸಲೀಸಾಗಿ ಬಿಡುತ್ತದೆ. ಶಾಯಿ ಚಿಮ್ಮುವ ಪ್ರಿಂಟರಿನಲ್ಲಿ ಮುದ್ರಿಸಿದರೆ ಮಾತ್ರ ಒದ್ದೆಯಾದೊಡನೆ ಹೆಸರುಗಳು ಹರಡಿಹೋಗುತ್ತವೆ. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿಡುವ ಯೋಚನೆ ಇದ್ದರೆ ಹಾಲು ನಿಲ್ಲುವುದಿಲ್ಲ, ಆಗ ನೀರು ತಡೆಯುವ ಅಂಟು ಕಾಗದವೇ ಬೇಕು.

ಲೇಬಲಿನ ಮೇಲೆ ವಧೂವರರ ಹೆಸರು ಮತ್ತು ದಿನದ ಜೊತೆಗೆ ಬಿಯರಿನ ಬಗೆ, ಮದ್ಯಸಾರದ ಪ್ರಮಾಣ, ಬಾರ್ಲಿ ಅಥವಾ ಗೋಧಿ ಇದೆ ಎಂಬ ಮಾತು ಇರಲೇಬೇಕು. ಗ್ಲುಟನ್ ಒಗ್ಗದವರಿಗೆ ಇದು ಅಲಂಕಾರದ ವಿಷಯವಲ್ಲ. ಹಿಂಬದಿಯಲ್ಲಿ ನಾವು ಹೀಗೆ ಬರೆದಿದ್ದೆವು: "ನೆಟ್ಟಗೆ ನಿಲ್ಲಿಸಿ ತಂಪಾಗಿಡಿ. ಒಂದೇ ಬಾರಿಗೆ ನಿಧಾನವಾಗಿ ಲೋಟಕ್ಕೆ ಬಗ್ಗಿಸಿ, ತಳದ ಒಂದು ಬೆರಳಿನಷ್ಟನ್ನು ಬಾಟಲಿಯಲ್ಲೇ ಬಿಡಿ. ಅದು ಯೀಸ್ಟ್, ಹಾನಿಯಿಲ್ಲ." ಈ ನಾಲ್ಕು ಮಾತು ಇಲ್ಲದಿದ್ದರೆ, ಅಂಗಡಿಯ ಬಿಯರನ್ನಷ್ಟೇ ಕಂಡವರು ತಳದ ಗಸಿಯನ್ನು ನೋಡಿ ಕೆಟ್ಟಿದೆ ಎಂದು ಚೆಲ್ಲುತ್ತಾರೆ.

ಮೇಣ ಚೆಂದ, ಆದರೆ ಗಟ್ಟಿ ಮೇಣವು ಮುಚ್ಚಳ ತೆಗೆಯುವಾಗ ಪುಡಿಯಾಗಿ ಲೋಟಕ್ಕೆ ಬೀಳುತ್ತದೆ. ಬಣ್ಣದ ಮುಚ್ಚಳಗಳೇ ಸಿಗುತ್ತವೆ, ಕೆಂಪು ಮುಚ್ಚಳ ಹಾಕಿ ಕುತ್ತಿಗೆಗೆ ಒಂದು ದಾರದಲ್ಲಿ ಚೀಟಿ ಕಟ್ಟಿದರೆ ಸಾಕು. ಸಾಗಿಸಲು ನಡುವೆ ಅಡ್ಡಪಟ್ಟಿಗಳಿರುವ ರಟ್ಟಿನ ಪೆಟ್ಟಿಗೆ ಬಳಸಿ, ಬಾಟಲಿಗಳನ್ನು ಮಲಗಿಸಬೇಡಿ, ನಿಲ್ಲಿಸಿದ ಕಾರಿನ ಬಿಸಿಯಲ್ಲಿ ಬಿಡಬೇಡಿ. ಹಿಂದಿನ ದಿನವೇ ಒಯ್ದಿಟ್ಟರೆ ಕದಡಿದ ಗಸಿ ಮತ್ತೆ ತಳ ಸೇರಲು ಸಮಯ ಸಿಗುತ್ತದೆ.

ತಂಗಿಯ ಅಣ್ಣ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಐಪಿಎ, ಬಿಳಿ ಗಾಜು, ಮೇಣ ಮೂರನ್ನೂ ಕೈಬಿಟ್ಟಿದ್ದೇನೆ. ಇನ್ನೆರಡು ಸಂದೇಹ. ಎರಡು ಬಾರಿಯ ಬಿಯರ್ ಬಣ್ಣದಲ್ಲೋ ರುಚಿಯಲ್ಲೋ ಸ್ವಲ್ಪ ಬೇರೆಯಾದರೆ ಏನು ಮಾಡಲಿ? ಕುಡಿಯದವರಿಗೆ ಅದೇ ರೀತಿಯ ಬಾಟಲಿಯಲ್ಲಿ ಶುಂಠಿ ಪಾನೀಯವನ್ನು ಯೀಸ್ಟ್ ಹಾಕಿ ಮಾಡಿ ಕೊಡಬಹುದೇ?

ಹಳೆಯ ಪೀಪಾಯಿ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಖಂಡಿತ ಬೇಡ. ಸಿಹಿ ಪಾನೀಯದಲ್ಲಿ ಯೀಸ್ಟ್ ತಿನ್ನಲು ಸಕ್ಕರೆ ಬೇಕಾದಷ್ಟಿರುತ್ತದೆ, ಅದು ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯದು, ಗಾಜಿನ ಬಾಟಲಿಯಲ್ಲಿ ಅದು ನೊರೆಗಾರರ ಕಪಾಟಿಗಿಂತ ಅಪಾಯಕಾರಿ. ಮೇಲಾಗಿ ಅಲ್ಪ ಮದ್ಯಸಾರವೂ ಹುಟ್ಟುವುದರಿಂದ ಕುಡಿಯದವರಿಗೆ ಕೊಟ್ಟ ಮಾತನ್ನು ಮುರಿದಂತಾಗುತ್ತದೆ. ಅವರಿಗೆ ಯೀಸ್ಟಿಲ್ಲದ ಬೇರೊಂದು ಕಾಣಿಕೆಯನ್ನು ಅಷ್ಟೇ ಅಕ್ಕರೆಯಿಂದ ಸಿದ್ಧಪಡಿಸಿ.

ಮೊದಲನೆಯದಕ್ಕೆ, ಎರಡನ್ನೂ ಒಂದೇ ಆಗಿಸಲು ಹೆಣಗುವ ಬದಲು ಬೇಕೆಂದೇ ಬೇರೆ ಮಾಡಿ. ಒಂದು ತಿಳಿ ಬಣ್ಣದ ಬ್ಲಾಂಡ್ ಏಲ್, ಇನ್ನೊಂದು ಬ್ರೌನ್ ಏಲ್. ಒಂದರ ಮೇಲೆ ವಧುವಿನ ಹೆಸರು ಮೊದಲು, ಇನ್ನೊಂದರ ಮೇಲೆ ವರನದು ಮೊದಲು. ಆಗ ಪ್ರತಿ ಬಾರಿಯ 54 ಬಾಟಲಿಗಳು ತಮ್ಮೊಳಗೆ ಸಮನಾಗಿದ್ದರೆ ಸಾಕು, ಮತ್ತು ಅದು ನೊರೆಗಾರರು ಹೇಳಿದ ಸಕ್ಕರೆಯ ವಿಧಾನದಿಂದ ನಿಮ್ಮ ಕೈಯಲ್ಲೇ ಇದೆ.

ತಂಗಿಯ ಅಣ್ಣ (ಏಳು ವಾರಗಳ ನಂತರ)

ಪರೀಕ್ಷೆಯ ಬ್ರೌನ್ ಏಲ್ ತಯಾರಾಗಿದೆ. ಸೀಸೆಯ ಮಾದರಿ ನಾಲ್ಕನೆಯ ದಿನ 1.012ಕ್ಕೆ ನಿಂತಿತು, ದೊಡ್ಡ ಪಾತ್ರೆ ಹನ್ನೊಂದನೆಯ ದಿನ 1.014 ತೋರಿಸಿ, ಹದಿನೈದರಂದು 1.012ಕ್ಕೆ ಇಳಿದು ಹದಿನೆಂಟರಂದೂ ಅಲ್ಲೇ ಇತ್ತು. ಹಿಂದಿನ ಅಭ್ಯಾಸದಲ್ಲಿ ನಾನು ಹನ್ನೊಂದಕ್ಕೇ ತುಂಬಿಬಿಡುತ್ತಿದ್ದೆ. ನಿನ್ನೆ ಬಾಟಲಿಗಳ ಸಾಲಿನ ಮೊದಲನೆಯದು, ನಡುವಿನದು, ಕೊನೆಯದು ಹೀಗೆ ಮೂರನ್ನು ತಂಪು ಮಾಡಿ ತಂಗಿಯ ಮುಂದೆ ತೆರೆದೆ. ಮೂರರಲ್ಲೂ ನೊರೆ ಒಂದೇ ಎತ್ತರಕ್ಕೆ ನಿಂತಿತು. ಬ್ಲಾಂಡ್ ಏಲಿನ ಕೆಲಸವನ್ನು ಈ ಶನಿವಾರ ಆರಂಭಿಸುತ್ತೇನೆ.