ಕಾರ್ ಬ್ಯಾಟರಿಯಲ್ಲಿ ಪ್ರೊಜೆಕ್ಟರ್ ಹತ್ತೇ ನಿಮಿಷಕ್ಕೆ ಆಫ್ ಆಗ್ತಿದೆ, ಯಾರಾದರೂ ಸಹಾಯ ಮಾಡಿ

ತೆಂಗಿನತೋಟ (ಬುಧವಾರ, ರಾತ್ರಿ 11:40)
ತಲೆ ಕೆಟ್ಟು ಹೋಗಿದೆ. ಮೂರು ರಾತ್ರಿಯಿಂದ ಇದೇ ಗೋಳು. ತಿಪಟೂರಿನ ಹತ್ತಿರ ನಮ್ಮ ತೋಟದಲ್ಲಿ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಹಾಗೆ ಮಾಡುತ್ತಿದ್ದೇನೆ. ಎರಡು ತೆಂಗಿನ ಮರದ ನಡುವೆ ಬಿಳಿ ಬಟ್ಟೆ ಕಟ್ಟಿದ್ದೇನೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಟಪ್ ಅಂತ ಆಫ್. ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಭಾನುವಾರ ಅಜ್ಜಿಗೆ ತೋರಿಸಬೇಕು. ಪ್ರೊಜೆಕ್ಟರ್ ಕೆಟ್ಟಿದೆಯಾ?

ಬ್ಯಾಟರಿ_ಭದ್ರಾವತಿ
ಬ್ಯಾಟರಿ ಹೋಗಿದೆ. ಬದಲಾಯಿಸಿ. ಎಷ್ಟು ವರ್ಷದ್ದು?

ತೆಂಗಿನತೋಟ
ಎರಡು ವರ್ಷ ಸಾರ್. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ಬ್ಯಾಟರಿ_ಭದ್ರಾವತಿ
ಸ್ಟಾರ್ಟ್ ಆಗುವುದು ಬೇರೆ, ಎಳೆಯುವುದು ಬೇರೆ. ಸ್ಟಾರ್ಟರ್‌ಗೆ ಎರಡು ಸೆಕೆಂಡ್ ಸಾಕು. ಬಿಟ್ಟು ಹಾಕಿದರೆ ಮತ್ತೆ ಬರುತ್ತದೆ ಅಂದಿರಲ್ಲ, ಸೋತ ಬ್ಯಾಟರಿಯ ಗುಣವೇ ಅದು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ.

ಬೆಳಕಿನಹುಳ
ಪ್ರೊಜೆಕ್ಟರ್ ಎಷ್ಟು ವ್ಯಾಟ್? ಇನ್ವರ್ಟರ್ ಎಷ್ಟರದ್ದು? ಇಂಜಿನ್ ಆನ್ ಇಟ್ಟಿದ್ದೀರಾ, ಆಫಾ? ಇದೊಂದೂ ಹೇಳದೆ ಬ್ಯಾಟರಿ ಹೋಗಿದೆ ಅಂತ ಹೇಗೆ ಹೇಳುವುದು? ಬಿಸಿಯಾಗಿ ಆಫ್ ಆಗುತ್ತಿರಬಹುದು. ಹಿಂದಿನ ಜಾಲರಿಯಲ್ಲಿ ಧೂಳು ಇದೆಯಾ ನೋಡಿ.

ತೆಂಗಿನತೋಟ (ಗುರುವಾರ, ಸಂಜೆ)
ಎಲ್‌ಇಡಿ ಪ್ರೊಜೆಕ್ಟರ್, 120 ವ್ಯಾಟ್. ಇನ್ವರ್ಟರ್ 200 ವ್ಯಾಟ್, ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವಂಥದ್ದು. ಇಂಜಿನ್ ಆಫ್. ಸದ್ದಿಗೆ ಅಜ್ಜಿಗೆ ಮಾತು ಕೇಳಿಸುವುದಿಲ್ಲ. ಜಾಲರಿ ಒರೆಸಿದೆ, ಏನೂ ವ್ಯತ್ಯಾಸ ಇಲ್ಲ. ಬೆಳಿಗ್ಗೆ ರಜೆ ಹಾಕಿ ಬ್ಯಾಟರಿ ಅಂಗಡಿಗೆ ಹೋಗಿ ಲೋಡ್ ಟೆಸ್ಟ್ (ಹೊರೆ ಹಾಕಿ ಬ್ಯಾಟರಿ ತಡೆಯುತ್ತದೆಯಾ ನೋಡುವುದು) ಮಾಡಿಸಿದೆ. ಚೆನ್ನಾಗಿದೆ ಅಂದರು.

ಬ್ಯಾಟರಿ_ಭದ್ರಾವತಿ
ಆ ಟೆಸ್ಟ್ ಹತ್ತು ಸೆಕೆಂಡಿನದ್ದು. ನಂಬಬೇಡಿ.

ಸೌಂಡ್_ಸೀನ
ಆಡಿಯೊ ಹೇಗೆ ಕೊಡುತ್ತಿದ್ದೀರಿ? ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿ. ನಾನು ಒಂದು ಸಲ ಆರು ಕಾರು ನಿಲ್ಲಿಸಿ, ಎಲ್ಲಾ ಕಾರಿನ ರೇಡಿಯೊದಲ್ಲೂ ಒಂದೇ ಸಲ ಸೌಂಡ್ ಬರಿಸಿದ್ದೆ. ನನ್ನ ಹತ್ತಿರ ಈಗ 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಸಾಮರ್ಥ್ಯದ ಅಳತೆ) ಲಿಥಿಯಂ ಪ್ಯಾಕ್ ಇದೆ, 12 ಅಡಿ ಸ್ಕ್ರೀನ್ ಇದೆ, ಫೋಟೊ ಹಾಕುತ್ತೇನೆ.

ಬೆಳಕಿನಹುಳ
ಆರು ಕಾರಿಗೆ ಮುಟ್ಟುವಷ್ಟು ಪವರ್ ಇರುವ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿ ಅಂತ ಹೇಳಿಕೊಡಬೇಡಿ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಪ್ರಸಾರ ಮಾಡುವ ಹಾಗಿಲ್ಲ. ಇವರದ್ದು ಒಂದೇ ಕಾರು. ಸ್ಟೀರಿಯೊಗೆ ನೇರ ಚುಚ್ಚುವ ಆಕ್ಸ್ ಆಡಿಯೊ ವೈರ್ ಸಾಕು.

ಸೌಂಡ್_ಸೀನ
ತೋಟದ ಮಧ್ಯೆ ಯಾರಿಗೆ ತೊಂದರೆ?

ಬೆಳಕಿನಹುಳ
ತೊಂದರೆ ಆಗುತ್ತೋ ಇಲ್ಲವೋ, ಕಾನೂನು ಕಾನೂನೇ. ಅದನ್ನು ಬೇರೆ ಚರ್ಚೆಯಲ್ಲಿ ಮಾತಾಡೋಣ.

ತೆಂಗಿನತೋಟ
ದಯವಿಟ್ಟು ಜಗಳ ಬೇಡ. ಸೌಂಡ್ ಬ್ಲೂಟೂತ್‌ನಲ್ಲಿ ಕಾರಿನ ಸ್ಪೀಕರಿಗೆ ಬರುತ್ತಿದೆ. ತುಟಿಗಿಂತ ಮಾತು ಸ್ವಲ್ಪ ಹಿಂದೆ ಬೀಳುತ್ತದೆ, ಆಕ್ಸ್ ಹಾಕುತ್ತೇನೆ. ಮೊದಲು ಆಫ್ ಆಗುವುದಕ್ಕೆ ಪರಿಹಾರ ಹೇಳಿ. ಆ ಕೀ ಕೀ ಸದ್ದು ಕೇಳಿದರೆ ಅಳು ಬರುತ್ತದೆ.

ಮಲ್ಟಿಮೀಟರ್_ಅಕ್ಕ
ಯಾವ ಕೀ ಕೀ ಸದ್ದು? ಅದನ್ನು ಈಗ ಹೇಳುತ್ತಿದ್ದೀರಲ್ಲ!

ತೆಂಗಿನತೋಟ
ಇನ್ವರ್ಟರ್ ಕೂಗುತ್ತದೆ ಅಕ್ಕ, ಆಫ್ ಆಗುವ ಮೊದಲು. ಎಲ್ಲಾ ಇನ್ವರ್ಟರೂ ಕೂಗುತ್ತವೆ ಅಂದುಕೊಂಡಿದ್ದೆ.

ಮಲ್ಟಿಮೀಟರ್_ಅಕ್ಕ
ಕೂಗುವುದು ವೋಲ್ಟೇಜ್ ಕಡಿಮೆ ಅಂತ. ಸಾಮಾನ್ಯವಾಗಿ 10.5 ವೋಲ್ಟ್ ಹತ್ತಿರ ಕೂಗುತ್ತದೆ, 10ರ ಹತ್ತಿರ ಕಟ್ ಮಾಡುತ್ತದೆ. ಪ್ರೊಜೆಕ್ಟರಿಗೆ ಏನೂ ಆಗಿಲ್ಲ. ಈಗ ಹೇಳಿ, ಇನ್ವರ್ಟರ್ ಎಲ್ಲಿ ಇಟ್ಟಿದ್ದೀರಿ? ಕಾರ್ ಒಳಗೋ, ಪ್ರೊಜೆಕ್ಟರ್ ಪಕ್ಕದಲ್ಲೋ? ವೈರಿನ ಫೋಟೊ ಹಾಕಿ.

ತೆಂಗಿನತೋಟ (ರಾತ್ರಿ 10:15)
ಫೋಟೊ ಹಾಕಿದ್ದೇನೆ. ಪ್ರೊಜೆಕ್ಟರ್ ಕಾರಿನ ಮುಂದೆ ಸ್ಟೂಲ್ ಮೇಲೆ, ಇನ್ವರ್ಟರ್ ಅದರ ಪಕ್ಕದಲ್ಲೇ. ಲೈಟರ್ ಪ್ಲಗ್‌ನಿಂದ ಅಲ್ಲಿಯವರೆಗೆ ವೈರ್ ಸಾಲಲಿಲ್ಲ. ಮನೆಯಲ್ಲಿ ಉಳಿದಿದ್ದ 1 ಸ್ಕ್ವೇರ್ ಎಂಎಂ ವೈರ್ 5 ಮೀಟರ್ ಸೇರಿಸಿ ಟೇಪ್ ಸುತ್ತಿದ್ದೇನೆ.

ಮಲ್ಟಿಮೀಟರ್_ಅಕ್ಕ
ಸಿಕ್ಕಿತು. ನಿಮ್ಮ ಕಳ್ಳ ಆ 5 ಮೀಟರ್ ವೈರ್.

ಲೆಕ್ಕ ನೋಡಿ. 120 ವ್ಯಾಟ್ ಕೊಡಲು ಇನ್ವರ್ಟರ್ ಸುಮಾರು 140 ವ್ಯಾಟ್ ಎಳೆಯುತ್ತದೆ. 12 ವೋಲ್ಟ್‌ನಲ್ಲಿ ಅದು ಹತ್ತಿರ ಹತ್ತಿರ 12 ಆಂಪ್ಸ್. ಹೋಗುವುದು 5 ಮೀಟರ್, ಬರುವುದು 5 ಮೀಟರ್. 1 ಸ್ಕ್ವೇರ್ ಎಂಎಂ ತಾಮ್ರ ಮೀಟರಿಗೆ 0.018 ಓಮ್. ಹತ್ತು ಮೀಟರಿಗೆ 0.18. ಅದನ್ನು 12ರಿಂದ ಗುಣಿಸಿ: 2 ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಯಿತು. ಬ್ಯಾಟರಿಯಲ್ಲಿ 12.2 ಇದ್ದರೆ ಇನ್ವರ್ಟರಿಗೆ 10 ಮುಟ್ಟುತ್ತದೆ. ಬಿಟ್ಟು ಹಾಕಿದರೆ ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಅದಕ್ಕೇ ಮತ್ತೆ ಬರುತ್ತದೆ.

ಇನ್ವರ್ಟರನ್ನು ಕಾರಿನೊಳಗೇ ಇಡಿ. 230 ವೋಲ್ಟಿನ ಕಡೆಯ ವೈರ್, ಅಂದರೆ ಇನ್ವರ್ಟರಿನಿಂದ ಪ್ರೊಜೆಕ್ಟರಿಗೆ ಹೋಗುವುದು, ಉದ್ದ ಮಾಡಿ. ಅಲ್ಲಿ ಅರ್ಧ ಆಂಪ್ಸ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಮಾಮೂಲಿ ಎಕ್ಸ್‌ಟೆನ್ಶನ್ ಬೋರ್ಡ್ ಸಾಕು. ಇಬ್ಬನಿ ಬೀಳುವ ಹುಲ್ಲಿನ ಮೇಲೆ ಮಾತ್ರ ಬೋರ್ಡ್ ಇಡಬೇಡಿ, ಸ್ಟೂಲ್ ಮೇಲೆ ಇಡಿ.

ತೆಂಗಿನತೋಟ (ಶುಕ್ರವಾರ)
ಅಕ್ಕ, ನಿನ್ನೆ ಆ ವೈರ್ ಮುಟ್ಟಿ ನೋಡಿದೆ. ಸಾಕೆಟ್ ಹತ್ತಿರ ಬೆಚ್ಚಗೆ ಇತ್ತು, ಟೇಪಿನ ಅಂಟು ಕರಗಿ ಬೆರಳಿಗೆ ಹತ್ತಿತು. ಅಳೆದೆ: ಬ್ಯಾಟರಿಯಲ್ಲಿ 12.2, ಇನ್ವರ್ಟರ್ ತುದಿಯಲ್ಲಿ 10.1. ಇವತ್ತು ಇನ್ವರ್ಟರನ್ನು ಸೀಟಿನ ಕೆಳಗೆ ಕಾಲಿಡುವ ಜಾಗದಲ್ಲಿ ಇಟ್ಟೆ. ಈಗ 11.9 ಇದೆ. 40 ನಿಮಿಷ ಓಡಿತು, ಒಂದು ಸಲವೂ ಕೂಗಲಿಲ್ಲ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಬ್ಯಾಟರಿ_ಭದ್ರಾವತಿ
ವೈರಿನ ವಿಷಯ ಒಪ್ಪಿದೆ, ನಾನು ಕೇಳಬೇಕಿತ್ತು. ಆದರೆ ಒಂದು ಮಾತು. ಎರಡೂವರೆ ಗಂಟೆ ಸಿನಿಮಾಗೆ 12 ಆಂಪ್ಸ್ ಅಂದರೆ 30 ಎಎಚ್. ಚಿಕ್ಕ ಪೆಟ್ರೋಲ್ ಕಾರಿನ ಬ್ಯಾಟರಿ ಇರುವುದೇ 35. ಸಿನಿಮಾ ಮುಗಿದ ಮೇಲೆ ಅಜ್ಜಿಯನ್ನು ಕತ್ತಲಲ್ಲಿ ಕೂರಿಸಿ ಕಾರ್ ತಳ್ಳುತ್ತೀರಾ? ತೋಟದಲ್ಲಿ ಟ್ರ್ಯಾಕ್ಟರ್ ಇಲ್ವಾ?

ತೆಂಗಿನತೋಟ
ಇದೆ ಸಾರ್! 88 ಎಎಚ್ ಬ್ಯಾಟರಿ.

ಬ್ಯಾಟರಿ_ಭದ್ರಾವತಿ
ಅದನ್ನು ಬಿಚ್ಚಿ ತಂದು ಇನ್ವರ್ಟರಿಗೆ ಕೊಡಿ. ದಪ್ಪ ವೈರ್, 4 ಸ್ಕ್ವೇರ್ ಎಂಎಂ, ಒಂದು ಮೀಟರಿಗಿಂತ ಉದ್ದ ಬೇಡ. ಪ್ಲಸ್ ಪಕ್ಕದಲ್ಲೇ 20 ಆಂಪ್ಸ್ ಫ್ಯೂಸ್. ಕಾರ್ ಬ್ಯಾಟರಿ ಬರೀ ಸ್ಟೀರಿಯೊಗೆ ಇರಲಿ.

ಬೆಳಕಿನಹುಳ
ಸ್ಕ್ರೀನಿನ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ, ಇಲ್ಲದಿದ್ದರೆ ಬಾನೆಟ್ ಅಡ್ಡ ಬರುತ್ತದೆ. ಕೀಯನ್ನು ಎಸಿಸಿಯಲ್ಲೇ (ಇಂಜಿನ್ ಇಲ್ಲದೆ ಸ್ಟೀರಿಯೊ ಹತ್ತುವ ಸ್ಥಾನ) ಇಡಿ. ಪೂರ್ತಿ ಆನ್ ಮಾಡಿದರೆ ಕೆಲವು ಕಾರಿನಲ್ಲಿ ಮುಂದಿನ ಹಗಲು ದೀಪ ಹತ್ತಿ ಚಿತ್ರ ಮಂಕಾಗುತ್ತದೆ. ಮುಂದಿನ ಗಾಜನ್ನು ಒಳಗಡೆಯಿಂದಲೂ ಒರೆಸಿ.

ಅಂದ ಹಾಗೆ, ಅಮೆರಿಕದ ನ್ಯೂಜೆರ್ಸಿಯಲ್ಲಿ ರಿಚರ್ಡ್ ಹಾಲಿಂಗ್ಸ್‌ಹೆಡ್ 1933ರ ಜೂನ್ 6ರಂದು ಮೊದಲ ಡ್ರೈವ್-ಇನ್ (ಕಾರಿನಲ್ಲೇ ಕೂತು ನೋಡುವ ಚಿತ್ರಮಂದಿರ) ತೆರೆಯುವ ಮೊದಲು ಹೀಗೇ ಮಾಡಿ ನೋಡಿದ್ದು. ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್, ಮರಗಳ ನಡುವೆ ಬಟ್ಟೆ. ನಿಮ್ಮ ತೋಟದ ಥರಾನೇ.

ಸೌಂಡ್_ಸೀನ
ನನ್ನ ಸ್ಕ್ರೀನ್ ಫೋಟೊ ಇಲ್ಲಿದೆ. ಹಿಂದೆ ಕಪ್ಪು ಬಟ್ಟೆ ಹೊಲಿಸಿದ್ದೇನೆ, ಬೆಳಕು ಆಚೆ ಹೋಗುವುದಿಲ್ಲ. ಚಿತ್ರ ಎದ್ದು ಕಾಣುತ್ತದೆ.

ತೆಂಗಿನತೋಟ (ಸೋಮವಾರ, ಬೆಳಿಗ್ಗೆ)
ಆಯ್ತು. ಸಿನಿಮಾ ಪೂರ್ತಿ ನೋಡಿದೆವು. ಅಜ್ಜಿಗೆ ಸೊಂಟ ನೋವು, ನೆಲದ ಮೇಲೆ, ಕುರ್ಚಿಯ ಮೇಲೆ ಕೂರಲು ಆಗುವುದಿಲ್ಲ. ಕಾರಿನ ಮುಂದಿನ ಸೀಟು ಒಂದೇ ಆರಾಮ. ಅದಕ್ಕೇ ಇಷ್ಟೆಲ್ಲಾ ಮಾಡಿದ್ದು. ಸೀಟು ಹಿಂದೆ ಬಾಗಿಸಿ, ಕಂಬಳಿ ಹೊದಿಸಿ ಕೂರಿಸಿದ್ದೆ. ಅರ್ಧ ಆದಾಗ ಎಂಜಲು ಕೈಯಲ್ಲೇ ಗಾಜು ತಟ್ಟಿ, "ಟೆಂಟಿನಲ್ಲಿ ಇಂಟರ್ವಲ್ ಬಿಡ್ತಿದ್ರು, ನೀನು ಬಿಡೋದಿಲ್ವಾ?" ಅಂದರು. ನಿಲ್ಲಿಸಿ ಕಡಲೆಕಾಯಿ ಕೊಟ್ಟೆ. ಮುಗಿದ ಮೇಲೆ ಟ್ರ್ಯಾಕ್ಟರ್ ಬ್ಯಾಟರಿ 12.3 ಇತ್ತು.

ಹುಳದ ಕಾಟ ಮಾತ್ರ ಜಾಸ್ತಿ. ಲೆನ್ಸಿನ ಮುಂದೆ ಬಂದರೆ ಸ್ಕ್ರೀನ್ ಮೇಲೆ ಹದ್ದಿನಷ್ಟು ದೊಡ್ಡದು ಕಾಣುತ್ತದೆ. ಇದಕ್ಕೆ ಏನು ಮಾಡುತ್ತೀರಿ?

ಮಲ್ಟಿಮೀಟರ್_ಅಕ್ಕ
ಸ್ವಲ್ಪ ದೂರದಲ್ಲಿ, ಸ್ಕ್ರೀನಿಗೆ ಬೆನ್ನಾಗಿ ಒಂದು ಹಳೇ ಬಲ್ಬ್ ಹಚ್ಚಿಡಿ. ಹುಳ ಅತ್ತ ಹೋಗುತ್ತವೆ. ಅಜ್ಜಿಗೆ ಮುಂದಿನ ಸಿನಿಮಾ ಯಾವಾಗ?