ಹ್ಯಾಪ್ಲೋಗ್ರೂಪ್‌ಗೆ ‘ಗೋತ್ರ’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಅಮೆರಿಕ ಖಂಡಗಳಿಗೆ ಮನುಷ್ಯರು ಬಂದ ಬಗೆಯನ್ನು ಹೈಸ್ಕೂಲು ಮಕ್ಕಳಿಗೆ ತಿಳಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಹ್ಯಾಪ್ಲೋಗ್ರೂಪ್’ ಎಂಬ ಪದ ಪ್ರತಿ ಪುಟದಲ್ಲೂ ಅಡ್ಡ ಬರುತ್ತಿದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೇ ಇಳಿದುಬರುತ್ತದೆ. ಯಾವುದೋ ಕಾಲದಲ್ಲಿ ಒಬ್ಬನ ವೈ ವರ್ಣತಂತುವಿನ ಡಿಎನ್‌ಎಯಲ್ಲಿ ಅಕ್ಷರವೊಂದು ಪಲ್ಲಟವಾದರೆ ಅವನ ಗಂಡುಸಂತತಿಗೆಲ್ಲ ಆ ಗುರುತು ಉಳಿಯುತ್ತದೆ. ಆ ಗುರುತಿನವರೆಲ್ಲ ಒಂದು ಹ್ಯಾಪ್ಲೋಗ್ರೂಪ್.

ನನ್ನ ಲೇಖನದಲ್ಲಿರುವುದು ‘ಕ್ಯೂ’ ಗುಂಪು. (ಕ್ಯೂ ಅಂದರೆ ಮಕ್ಕಳಿಗೆ ರೇಷನ್ ಅಂಗಡಿಯ ಸಾಲು ನೆನಪಾಗುತ್ತದೆ, ಅದು ಬೇರೆ ತಾಪತ್ರಯ.) ಇದರ ಬೇರು ಏಷ್ಯಾದಲ್ಲಿದೆ. ಸೈಬೀರಿಯದ ಬೈಕಲ್ ಸರೋವರದ ಸೀಮೆಯ ಮಾಲ್ಟಾದಲ್ಲಿ ಸಿಕ್ಕ, ಸುಮಾರು 24,000 ವರ್ಷ ಹಿಂದಿನ ಹುಡುಗ ‘ಆರ್’ ಗುಂಪಿನವನು. ಆರ್ ಮತ್ತು ಕ್ಯೂ ಎರಡೂ ‘ಪಿ’ ಎಂಬ ಹಿರಿಯ ಗುಂಪಿನಿಂದ ಒಡೆದ ದಾಯಾದಿಗಳು. ಅಮೆರಿಕದ ಮೊಂಟಾನಾದಲ್ಲಿ 1968ರಲ್ಲಿ ದೊರೆತ ಆನ್ಜಿಕ್ ಮಗುವಿನ ಎಲುಬುಗಳಿಗೆ ಸುಮಾರು 12,600 ವರ್ಷ. ಅದು ಕ್ಯೂ. ಕೊಲಂಬಿಯಾ ನದಿಯಲ್ಲಿ 1996ರಲ್ಲಿ ಸಿಕ್ಕ ಕೆನೆವಿಕ್ ಮನುಷ್ಯನದು ಕ್ಯೂ-ಎಂ3, ಅಂದರೆ ಕ್ಯೂನೊಳಗಿನ ಎಂ3 ಎಂಬ ಕವಲು. ಅಮೆರಿಕ ಖಂಡಗಳ ಮೂಲನಿವಾಸಿ ಗಂಡಸರಲ್ಲಿ ಇವತ್ತಿಗೂ ಬಹಳ ಹೆಚ್ಚಾಗಿ ಕಾಣುವ ಕವಲು ಇದೇ.

ಈಗ ಪದದ ವಿಚಾರ. ‘ಗೋತ್ರ ಅಂದುಬಿಡಿ, ಎಲ್ಲರಿಗೂ ತಿಳಿಯುತ್ತದೆ’ ಎಂದು ಗೆಳೆಯರೊಬ್ಬರ ಸಲಹೆ. ನನಗೆ ಒಗ್ಗುತ್ತಿಲ್ಲ. ದತ್ತು ಹೋದ ಮಗನ ಗೋತ್ರ ಬದಲಾಗುತ್ತದೆ, ಮದುವೆಯಾದ ಹೆಣ್ಣಿನ ಗೋತ್ರವೂ ಬದಲಾಗುತ್ತದೆ. ವೈ ವರ್ಣತಂತು ಯಾವ ಶಾಸ್ತ್ರಕ್ಕೂ ಜಗ್ಗುವುದಿಲ್ಲ; ಹೆಣ್ಣುಮಕ್ಕಳಿಗಂತೂ ಅದು ಇಲ್ಲವೇ ಇಲ್ಲ. ಮೇಲಾಗಿ ಗೋತ್ರ ಎಂದೊಡನೆ ಋಷಿಗಳು ಬಂದು ಕೂರುತ್ತಾರೆ. ಸೈಬೀರಿಯದ ಬೇಟೆಗಾರನಿಗೆ ಋಷಿಮೂಲ ಯಾಕೆ? ಕುಲದೊಳಗಿನ ಪಂಗಡವನ್ನು ಹೇಳುವ ‘ಬೆಡಗು’ ಇದಕ್ಕಿಂತ ಹತ್ತಿರದ್ದು, ಆದರೆ ಅದರ ಕೆಲಸವೂ ಹೆಣ್ಣು ಕೊಟ್ಟು ತರುವಾಗ ಯಾರು ಸಲ್ಲುತ್ತಾರೆ ಎಂದು ಹೇಳುವುದೇ. ಅಂಥದೇ ಪಂಗಡದ ಹೆಸರಾದ ‘ಬಳಿ’ಯನ್ನಂತೂ ತರುವಂತಿಲ್ಲ: ತುಳುನಾಡಿನ ಅಳಿಯಸಂತಾನದವರಲ್ಲಿ ಬಳಿ ತಾಯಿಯ ಕಡೆಯಿಂದ ಬರುತ್ತದೆ. ತಾಯಿಯಿಂದ ಇಳಿಯುವ ಮೈಟೋಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ತಯಾರಿಸುವ, ತನ್ನದೇ ಡಿಎನ್‌ಎ ಇರುವ ಭಾಗ) ಗುಂಪಿಗಾದರೆ ಒಪ್ಪೀತು.

ನನಗೆ ಹೊಳೆದದ್ದು ‘ತಂದೆಗವಲು’. ಆದೇಶ ಸಂಧಿ ಸಲೀಸಾಗಿ ಆಗುತ್ತದೆ, ಜೊತೆಗೆ ‘ತಾಯ್ಗವಲು’ ತಾನಾಗಿ ಸಿಗುತ್ತದೆ. ‘ಪಿತೃವಂಶೀಯ ಸಮೂಹ’ಕ್ಕಿಂತ ನಾಲಿಗೆಗೆ ಹಗುರ. ‘ಹ್ಯಾಪ್ಲೋಗ್ರೂಪ್’ ಅನ್ನು ಮೊದಲ ಸಲ ಬರೆದು ಆಮೇಲೆ ಇದನ್ನೇ ಬಳಸಬೇಕೆಂದಿದ್ದೇನೆ.

ಇನ್ನೊಂದು ಸಣ್ಣ ಗೊಂದಲ. ಹಿಮಯುಗದಲ್ಲಿ ಸಮುದ್ರ ನೂರು ಮೀಟರಿಗೂ ಹೆಚ್ಚು ಕೆಳಗಿಳಿದು ಸೈಬೀರಿಯ, ಅಲಾಸ್ಕಗಳು ಕೂಡಿಕೊಂಡಿದ್ದವು. ಅದನ್ನು ‘ಭೂಸೇತುವೆ’ ಎಂದು ಬರೆದರೆ ಬೆಳಗ್ಗೆ ಹೊರಟು ಸಂಜೆಗೆ ದಾಟಿದರೇನೋ ಅನಿಸುತ್ತದೆ. ಉತ್ತರ–ದಕ್ಷಿಣವಾಗಿ ಸಾವಿರ ಕಿಲೋಮೀಟರಿನಷ್ಟು ಹರಡಿದ್ದ ನೆಲ ಅದು. ‘ಬೆರಿಂಜಿಯಾ ಬಯಲು’ ಎಂದು ಬರೆಯುತ್ತಿದ್ದೇನೆ, ತಕರಾರಿದ್ದರೆ ಹೇಳಿ.

ಕೊನೆಗೆ ಮುಖ್ಯ ಪ್ರಶ್ನೆ: ತಂದೆಗವಲಿನೊಳಗಿನ ಚಿಕ್ಕ ಕವಲಿಗೆ, ಅಂದರೆ ಕ್ಯೂನೊಳಗಿನ ಎಂ3ಯಂಥದಕ್ಕೆ, ‘ಉಪ’ ಹಚ್ಚದೆ ಏನೆನ್ನಬಹುದು? ‘ಕಿರುಗವಲು’, ‘ಒಳಗವಲು’ ಎರಡೂ ಮನಸ್ಸಿನಲ್ಲಿವೆ. ನಿಮ್ಮ ಕಡೆ ಒಂದು ಬೆಡಗು ಒಡೆದು ಎರಡಾದಾಗ ಆ ಒಳಪಂಗಡಕ್ಕೆ ಆಡುಮಾತಿನಲ್ಲಿ ಹೆಸರಿದೆಯೇ? ಇದ್ದರೆ ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ಬರೆಯಿರಿ.